ತೊಡೆಸಂದಿನ ‘ನಡು’ ಯಾವುದು?

‘ತೊಡೆಸಂದಿನ ನಡುವೆ ಬೆರಳಿಟ್ಟರೆ ನಾಡಿಮಿಡಿತ ಸಿಗುತ್ತದೆ.’ ಈ ವಾಕ್ಯ ಮತ್ತೊಂದು ಆರೋಗ್ಯ ಲೇಖನದಲ್ಲಿ ಕಣ್ಣಿಗೆ ಬಿತ್ತು. ಎಲ್ಲಿಂದ ಎಲ್ಲಿಗೆ ಅಳೆದ ನಡು ಎಂದು ಹೇಳದಿದ್ದರೆ ಈ ಮಾತಿನಿಂದ ಯಾರಿಗೂ ಉಪಯೋಗವಿಲ್ಲ.

‘ಸಂದು’ ಸಂಸ್ಕೃತದ ‘ಸಂಧಿ’ಯ ತದ್ಭವ, ಎರಡು ಕೂಡುವ ಎಡೆ. ಹೊಟ್ಟೆ ಮುಗಿದು ತೊಡೆ ಮೊದಲಾಗುವ ಜಾಗ. ಆಯುರ್ವೇದ ಇದನ್ನು ವಂಕ್ಷಣ ಎನ್ನುತ್ತದೆ. ಸುಶ್ರುತ ವಿಟಪ ಎಂಬ ಮರ್ಮಸ್ಥಾನವನ್ನು ಗುರುತಿಸುವುದೇ ವಂಕ್ಷಣ ಮತ್ತು ವೃಷಣಗಳ ನಡುವೆ. ಕಿಬ್ಬೊಟ್ಟೆ ಇದಕ್ಕಿಂತ ಮೇಲಿನದು, ಒಂದರ ಬದಲು ಇನ್ನೊಂದನ್ನು ಬರೆಯುವುದು ತಪ್ಪು. ಕಣ್ಣಿಗೆ ಕಾಣುವ ಚರ್ಮದ ಮಡಿಕೆಯೂ ಗಡಿಯಲ್ಲ. ನಿಜವಾದ ಗಡಿ ಒಳಗಿರುವ ಇಂಗ್ವಿನಲ್ ಲಿಗಮೆಂಟ್, ಅಂದರೆ ಹೊಟ್ಟೆ ಮತ್ತು ತೊಡೆಯ ನಡುವೆ ಓರೆಯಾಗಿ ಬಿಗಿದ ಗಟ್ಟಿ ಪಟ್ಟಿ. ಬೊಜ್ಜಿನವರಲ್ಲಿ ಮಡಿಕೆ ಅದಕ್ಕಿಂತ ಎಷ್ಟೋ ಕೆಳಗೆ ಜೋತಿರುತ್ತದೆ. ಮಡಿಕೆ ನೋಡಿ ರಕ್ತನಾಳಕ್ಕೆ ಸೂಜಿ ಚುಚ್ಚಿದರೆ ಸರಿಯಾದ ಜಾಗಕ್ಕಿಂತ ಕೆಳಗೆ ಚುಚ್ಚಿದಂತಾಗುತ್ತದೆ.

ಈಗ ನಡುವಿನ ಮಾತು. ಸೊಂಟದ ಮುಂದೆ ಬೆರಳಿಗೆ ತಾಗುವ ಎಲುಬಿನ ಮೊನೆಯೇ ಎರಡೂ ಅಳತೆಗಳ ಮೊದಲ ತುದಿ. ಅಲ್ಲಿಂದ ಪ್ಯೂಬಿಕ್ ಸಿಂಫಿಸಿಸ್‌ವರೆಗೆ, ಅಂದರೆ ಗುಹ್ಯಾಂಗದ ಮೇಲೆ ಎರಡೂ ಬದಿಯ ಎಲುಬು ಕೂಡುವ ದೇಹದ ನಡುಗೆರೆಯವರೆಗೆ ಅಳೆದು ಅರ್ಧ ಮಾಡಿದರೆ ಸಿಗುವುದು ತೊಡೆಯ ಅಪಧಮನಿಯ ಮಿಡಿತದ ಜಾಗ. ಅದೇ ಮೊನೆಯಿಂದ, ನಡುಗೆರೆಯ ಪಕ್ಕದ ಎಲುಬಿನ ಸಣ್ಣ ಗುಬುಟಾದ ಪ್ಯೂಬಿಕ್ ಟ್ಯೂಬರ್ಕಲ್‌ವರೆಗೆ ಮಾತ್ರ ಅಳೆದರೆ ಸಿಗುವುದು ಲಿಗಮೆಂಟಿನ ನಡು. ಅದರಿಂದ ಸುಮಾರು 1.25 ಸೆಂ.ಮೀ. ಮೇಲೆ ‘ಒಳ ಉಂಗುರ’ ಎಂಬ, ಹೊಟ್ಟೆಗೋಡೆಯ ಕಿಂಡಿಯಿದೆ. ಓರೆ ಹರ್ನಿಯ (ಹೊಟ್ಟೆಯೊಳಗಿನದು ಹೊರಗೆ ಉಬ್ಬಿ ಬರುವುದು ಹರ್ನಿಯ) ಹೊರಡುವುದು ಅಲ್ಲಿಂದಲೇ. ಟ್ಯೂಬರ್ಕಲ್ ನಡುಗೆರೆಯಿಂದ ಸುಮಾರು 2.5 ಸೆಂ.ಮೀ. ಹೊರಗಿರುವುದರಿಂದ ಎರಡು ನಡುಗಳ ಅಂತರ ಬರೀ ಒಂದು ಬೆರಳಗಲ. ಆದರೆ ಆ ಬೆರಳಗಲದಲ್ಲೇ ಅಪಧಮನಿ ತಪ್ಪಿ ನರದ ಕಡೆಗೆ ಸರಿದಿರುತ್ತೇವೆ: ಹೊರಗಿನಿಂದ ಒಳಕ್ಕೆ ಅಲ್ಲಿರುವ ಕ್ರಮ ನರ, ಅಪಧಮನಿ, ಅಭಿಧಮನಿ.

ಹರ್ನಿಯ ಪತ್ತೆಯಲ್ಲೂ ಟ್ಯೂಬರ್ಕಲ್ಲೇ ಆಧಾರ. ಉಬ್ಬಿನ ಕತ್ತು ಅದರ ಮೇಲೆ, ಒಳಬದಿಗಿದ್ದರೆ ಇಂಗ್ವಿನಲ್, ಅಂದರೆ ತೊಡೆಸಂದಿನ ಹರ್ನಿಯ. ಕೆಳಗೆ, ಹೊರಬದಿಗಿದ್ದರೆ ಫೆಮೊರಲ್, ಅಂದರೆ ತೊಡೆಯ ಹರ್ನಿಯ. ಎರಡನೆಯದರಲ್ಲಿ ಕರುಳು ಬಿಗಿದುಕೊಳ್ಳುವ ಅಪಾಯ ಹೆಚ್ಚು. ಅದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುವುದರಿಂದ, ‘ಗಡ್ಡೆ ಸಣ್ಣದು, ಇರಲಿ’ ಎಂದು ಅವರನ್ನು ಮನೆಗೆ ಕಳುಹಿಸುವುದು ನನಗೆ ಸಹಿಸಲಾಗದ ಸಂಗತಿ.

ದಪ್ಪ ಮೈಯವರಲ್ಲಿ ಟ್ಯೂಬರ್ಕಲ್ ಬೆರಳಿಗೆ ಸಿಗುವುದಿಲ್ಲ ಎನ್ನುತ್ತಾರೆ. ರೋಗಿಯ ಮೊಣಕಾಲಿಗೆ ಒಳಗಿನಿಂದ ಕೈ ಅಡ್ಡ ಕೊಟ್ಟು, ತೊಡೆಯನ್ನು ಒಳಕ್ಕೆ ಒತ್ತಲು ಹೇಳಿ. ತೊಡೆಯ ಒಳಮೈಯಲ್ಲಿ ಹಗ್ಗದಂತೆ ಒಂದು ಸ್ನಾಯುರಜ್ಜು ಎದ್ದು ನಿಲ್ಲುತ್ತದೆ. ಅದನ್ನೇ ಹಿಡಿದು ಬೆರಳನ್ನು ಮೇಲಕ್ಕೆ ಒಯ್ದರೆ ಟ್ಯೂಬರ್ಕಲ್ ಸಿಗುತ್ತದೆ.