ಹೆಬ್ಬಾವು ಕೇಳದ ಬಣ್ಣ

ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್ ಎಂಬ ಗಿಡ್ಡ ಹೆಬ್ಬಾವು ಅಮೆರಿಕ, ಬ್ರಿಟನ್‌ಗಳಲ್ಲಿ ಬಹಳ ಜನ ಸಾಕುವ ಹಾವು. ಊಟದ ವಿಷಯದಲ್ಲಿ ಅದು ನೋಡುವುದು ಎರಡೇ. ಮೇಲ್ದುಟಿಯ ಅಂಚಿನ ಪುಟ್ಟ ಕುಳಿಗಳಿಂದ ಬೇಟೆಯ ಮೈಬಿಸಿ ತಿಳಿಯುತ್ತದೆ. ಸೀಳುನಾಲಿಗೆ ಚಾಚಿ ತಂದ ವಾಸನೆಯ ಕಣಗಳನ್ನು ಅಂಗುಳಿನ ಜಾಕಬ್‌ಸನ್ ಅಂಗ ಪರೀಕ್ಷಿಸುತ್ತದೆ. ಬೆಚ್ಚಗಿದೆ, ಇಲಿಯ ವಾಸನೆ ಬರುತ್ತಿದೆ ಎಂದರೆ ಸಾಕು. ಫ್ರೀಜರಿನಿಂದ ತೆಗೆದ ಸತ್ತ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದು ಆಡಿಸಿದರೂ ಎರಗಿ ಸುತ್ತಿಕೊಳ್ಳುತ್ತದೆ. ‘ನಮ್ಮ ಹಾವು ಬಿಳಿ ಇಲಿಯನ್ನು ಮೂಸಿಯೂ ನೋಡುವುದಿಲ್ಲ’ ಎನ್ನುವ ಮಾಲೀಕರು ಇಲ್ಲದಿಲ್ಲ. ಆದರೆ ಇದು ಮನಸ್ಸು ಬಂದರೆ ತಿಂಗಳುಗಟ್ಟಲೆ ಏನನ್ನೂ ತಿನ್ನದೆ ಕೂರುವ ಹಾವು; ಅದರ ಉಪವಾಸಕ್ಕೆ ಕಾರಣ ಹುಡುಕುವವರಿಗೆ ಯಾವಾಗಲೂ ಏನಾದರೊಂದು ಸಿಗುತ್ತದೆ.

ನಮ್ಮಲ್ಲಿ ನಾಗರ, ಕೇರೆ, ಹೆಬ್ಬಾವು ಯಾವುದನ್ನು ಮನೆಯಲ್ಲಿಟ್ಟುಕೊಂಡರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಆ ದೇಶಗಳಲ್ಲಿ ಹಾಗಿಲ್ಲ. ಹತ್ತಾರು ಹಾವು ಸಾಕುವವರು ಅವುಗಳ ಊಟಕ್ಕೆ ಇಲಿಗಳನ್ನೂ ತಾವೇ ಬೆಳೆಸುತ್ತಾರೆ. ಒಂದು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಒಂದು ಗಂಡು, ಮೂರ್ನಾಲ್ಕು ಹೆಣ್ಣು. ಗರ್ಭ ಸುಮಾರು 21ರಿಂದ 23 ದಿನ. ಒಂದು ಸೂಲಿಗೆ ಎಂಟರಿಂದ ಹನ್ನೆರಡು ಮರಿ, ಒಂದೊಂದೂ ಐದಾರು ಗ್ರಾಂ. ಹೆತ್ತ 24 ಗಂಟೆಯೊಳಗೆ ತಾಯಿ ಮತ್ತೆ ಗಬ್ಬವಾಗಬಲ್ಲದು. ಮೂರು ವಾರಕ್ಕೆ ಮರಿ ಹಾಲು ಬಿಡುತ್ತದೆ, ಐದಾರು ವಾರಕ್ಕೆ ತಾನೇ ಮರಿ ಹಾಕುವ ವಯಸ್ಸಿಗೆ ಬರುತ್ತದೆ. ಹಾವಿನ ಮೈ ಅತಿ ದಪ್ಪವಿರುವ ಕಡೆ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ದಪ್ಪದ ಇಲಿ ಕೊಡಬೇಕೆಂಬುದು ರೂಢಿ. ಹೀಗಾಗಿ ಇಲ್ಲಿನ ಲೆಕ್ಕವೆಲ್ಲ ಗಾತ್ರ ಮತ್ತು ತೂಕದ್ದು.

ಇಷ್ಟಿದ್ದೂ ಅಂಥವರ ತೊಟ್ಟಿಗಳಲ್ಲಿ ಬಿಳಿ, ಕಪ್ಪು, ಬೂದು, ಜಿಂಕೆಬಣ್ಣ, ಮುಸುಕು ಹೊದ್ದಂತೆ ತಲೆ-ಭುಜ ಮಾತ್ರ ಕಪ್ಪಾದ ‘ಹುಡೆಡ್’ ಇಲಿಗಳೆಲ್ಲ ಸಿಗುತ್ತವೆ. ದಿನಾ ಗೂಡು ತೊಳೆಯುವವರಿಗೆ ಮುಂದಿನ ಸೂಲಿನಲ್ಲಿ ಯಾವ ಬಣ್ಣ ಬರುತ್ತದೋ ಎಂಬ ಕುತೂಹಲವೇ ಒಂದು ಮನರಂಜನೆ. ಮರಿ ಹುಟ್ಟಿದ ದಿನ ಮೈ ಬರೀ ಗುಲಾಬಿ, ಕೂದಲೇ ಇಲ್ಲ. ಆದರೂ ಮುಚ್ಚಿದ ರೆಪ್ಪೆಯ ಅಡಿಯಲ್ಲಿ ಕಪ್ಪು ಚುಕ್ಕಿ ಕಂಡರೆ ಅದು ಕಪ್ಪು ಕಣ್ಣಿನದೆಂದೂ ಕಾಣದಿದ್ದರೆ ಕೆಂಪು ಕಣ್ಣಿನದೆಂದೂ ಅವರು ಆಗಲೇ ಹೇಳಿಬಿಡುತ್ತಾರೆ. ಇನ್ನು ಕೆಲವೇ ದಿನಕ್ಕೆ ಕೂದಲಿಗಿಂತ ಮೊದಲೇ ಮುಸುಕಿನ ನೆರಳು ಚರ್ಮದಲ್ಲಿ ಮೂಡುತ್ತದೆ.

ಈ ಹುಚ್ಚು ಇಂದಿನದಲ್ಲ. 18ನೇ ಶತಮಾನದ ಜಪಾನಿನಲ್ಲೇ ಬಣ್ಣದ ಇಲಿ ಸಾಕುವ ಕೈಪಿಡಿಗಳು ಅಚ್ಚಾಗಿದ್ದವು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬ ಇಲಿ ಹಿಡಿಯುವವನಿದ್ದ. ಸಾವಿರಾರು ಇಲಿ ಹಿಡಿಯುವಾಗ ಬಣ್ಣಗೆಟ್ಟ ಒಂದೊಂದು ಸಿಕ್ಕರೆ ಕೊಲ್ಲದೆ ಉಳಿಸಿಕೊಂಡು, ಮರಿ ಮಾಡಿಸಿ, ಅನುಕೂಲಸ್ಥರ ಮನೆಯ ಹುಡುಗಿಯರಿಗೆ ಮುದ್ದಿನ ಪ್ರಾಣಿಯಾಗಿ ಮಾರುತ್ತಿದ್ದ. ಪತ್ರಕರ್ತ ಹೆನ್ರಿ ಮೇಹ್ಯೂ ಅವನ ಮಾತನ್ನು ಬರೆದಿಟ್ಟಿದ್ದರಿಂದ ನಮಗಿದು ಗೊತ್ತು.

ಕಾಡು ಇಲಿಯ ಒಂದು ಕೂದಲನ್ನು ಕಿತ್ತು ಬೆಳಕಿಗೆ ಹಿಡಿದರೆ ಬುಡ ಕಪ್ಪುಬೂದು, ತುದಿಯ ಹತ್ತಿರ ಒಂದು ಹಳದಿ ಪಟ್ಟಿ, ತುದಿ ಮತ್ತೆ ಕಪ್ಪು. ದೂರದಿಂದ ಕಾಣುವ ಮಣ್ಣುಗಂದು ಈ ಎರಡು ಬಣ್ಣಗಳ ಬೆರಕೆ. ಕೂದಲು ಬೆಳೆಯುವಾಗ ಅಗೂಟಿ ಎಂಬ ಜೀನ್ ಸ್ವಲ್ಪ ಹೊತ್ತು ಎಚ್ಚೆತ್ತು ಮೆಲನಿನ್ ಎಂಬ ಬಣ್ಣದ ವಸ್ತುವಿನ ಕಪ್ಪು ಬಗೆಯನ್ನು ನಿಲ್ಲಿಸಿ ಹಳದಿ ಬಗೆಯನ್ನು ಮಾಡಿಸುತ್ತದೆ. ಆ ಜೀನ್ ಕೆಟ್ಟರೆ ಪಟ್ಟಿಯಿಲ್ಲ, ಇಲಿ ಅಪ್ಪಟ ಕಪ್ಪು. ಬಿಳಿ ಇಲಿಯ ಕಥೆ ಬೇರೆ. ಮೆಲನಿನ್ ತಯಾರಿಯ ಮೊದಲ ಹೆಜ್ಜೆಗೇ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಅದರ ಜೀನ್ ತಂದೆ-ತಾಯಿ ಎರಡೂ ಕಡೆಯಿಂದ ಕೆಟ್ಟಿದ್ದೇ ಬಂದರೆ ಕಪ್ಪೂ ಇಲ್ಲ, ಹಳದಿಯೂ ಇಲ್ಲ. ಆಗ ಉಳಿದ ಬಣ್ಣದ ಜೀನ್‌ಗಳು ಏನಿದ್ದರೂ ಹೊರಗೆ ಕಾಣುವುದಿಲ್ಲ. ದೀಪವೇ ಆರಿದ ಮೇಲೆ ಗೋಡೆಗೆ ಯಾವ ಬಣ್ಣ ಬಳಿದಿದ್ದರೇನು?

ಬಿಳಿಯ ಅಡಿಯಲ್ಲಿ ಅಡಗಿರುವುದು ಮಾತ್ರ ಹಾಗೇ ಇರುತ್ತದೆ. 1915ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೋಸೆಫ್ ಲಾಂಗ್ ಮತ್ತು ಹರ್ಬರ್ಟ್ ಎವನ್ಸ್, ವಿಸ್ಟಾರ್ ತಳಿಯ ಬಿಳಿ ಹೆಣ್ಣುಗಳಿಗೆ ಅಲ್ಲೇ ಹಿಡಿದ ಕಾಡು ಗಂಡು ಕೂಡಿಸಿದರು. ಆ ಸಂತತಿಯಿಂದ ಬಂದ ಲಾಂಗ್-ಎವನ್ಸ್ ತಳಿ ಇವತ್ತಿಗೂ ಪ್ರಯೋಗಾಲಯಗಳಲ್ಲಿದೆ, ಮತ್ತು ಅದು ಮುಸುಕಿನ ಇಲಿ! ನಮ್ಮ ಫಾರ್ಮಸಿ ಕಾಲೇಜುಗಳ ಪಂಜರದಲ್ಲಿರುವ ವಿಸ್ಟಾರ್ ಬಿಳಿ ಇಲಿಯೂ ಇದೇ ವಂಶದ್ದು. ಇದರ ಬೇರು ಎಷ್ಟು ಹಳೆಯದೆಂಬುದು 2012ರಲ್ಲಿ ಜಪಾನಿನ ವಿಜ್ಞಾನಿಗಳಿಂದ ತಿಳಿಯಿತು. 117 ಬಿಳಿ ತಳಿಗಳ ಡಿಎನ್‌ಎ ನೋಡಿದಾಗ ಎಲ್ಲದರಲ್ಲೂ ಟೈರೋಸಿನೇಸ್ ಒಂದೇ ಜಾಗದಲ್ಲಿ, ಒಂದೇ ಬಗೆಯಲ್ಲಿ ಕೆಟ್ಟಿತ್ತು. ಮುಸುಕಿನ ಜೀನ್ ಕೂಡ ಒಂದನ್ನೂ ಬಿಡದೆ ಎಲ್ಲದರಲ್ಲೂ ಇತ್ತು. ಅಂದರೆ ಎಂದೋ ಒಂದು ಮುಸುಕಿನ ಇಲಿಯ ವಂಶದಲ್ಲಿ ಹುಟ್ಟಿದ ಒಂದೇ ತಪ್ಪಿನ ವಾರಸುದಾರರು ಇವರೆಲ್ಲ. ಮುಸುಕಿಗೆ ಕಾರಣವಾದದ್ದು ಕಿಟ್ ಎಂಬ ಜೀನಿನೊಳಗೆ ಬಂದು ಸೇರಿದ ಹಳೆಯ ರೆಟ್ರೊವೈರಸ್ಸಿನ ಅವಶೇಷ. ಎಚ್‌ಐವಿಯೂ ಇದೇ ಜಾತಿಯ ವೈರಸ್. ಆ ಅವಶೇಷದಲ್ಲಿ ಹೆಚ್ಚಿನ ಭಾಗ ಕಳಚಿ ತುಣುಕಷ್ಟೇ ಉಳಿದಿದ್ದರೆ ಬಿಳಿಯೂ ಕಡಿಮೆಯಾಗಿ ಹೊಟ್ಟೆಯ ಮೇಲೆ ಮಾತ್ರ ನಿಲ್ಲುತ್ತದೆ. ಅಂಥ ಇಲಿಗೆ ‘ಐರಿಷ್’ ಎನ್ನುತ್ತಾರೆ.

ಮುಸುಕಿನ ಅಗಲ ಒಂದೊಂದು ಇಲಿಗೂ ಒಂದೊಂದು. ಹಾರ್ವರ್ಡ್‌ನ ವಿಲಿಯಂ ಕ್ಯಾಸಲ್ ಇದನ್ನೇ ಹಿಡಿದುಕೊಂಡರು. ಕಪ್ಪು ಹೆಚ್ಚಿದ್ದವನ್ನು ಒಂದು ಸಾಲಿನಲ್ಲಿ, ಬಿಳಿ ಹೆಚ್ಚಿದ್ದವನ್ನು ಇನ್ನೊಂದರಲ್ಲಿ, ತಲೆಮಾರಿನ ಮೇಲೆ ತಲೆಮಾರು ಆರಿಸುತ್ತ ಹೋದಾಗ ಒಂದು ಸಾಲು ಬಹುಪಾಲು ಕಪ್ಪಾಯಿತು, ಇನ್ನೊಂದು ಬಹುಪಾಲು ಬಿಳಿಯಾಯಿತು. ಆರಿಸಿ ಆರಿಸಿಯೇ ಜೀನನ್ನು ಬಗ್ಗಿಸಬಹುದು ಎಂದು ಅವರು ವರ್ಷಗಟ್ಟಲೆ ವಾದಿಸಿದರು. ಉಳಿದವರು ಒಪ್ಪಲಿಲ್ಲ: ಜೀನ್ ಹಾಗೇ ಇದೆ, ಸುತ್ತಲಿನ ಹತ್ತಾರು ಸಣ್ಣ ಜೀನ್‌ಗಳು ಒಂದೆಡೆ ಕೂಡಿಕೊಂಡಿವೆ ಎಂದರು. ಎರಡೂ ಸಾಲಿನ ಇಲಿಗಳನ್ನು ಮತ್ತೆ ಮತ್ತೆ ಕಾಡು ಇಲಿಗೆ ಕೂಡಿಸಿ ಮುಸುಕಿನ ಮರಿಗಳನ್ನು ಮರಳಿ ಪಡೆದಾಗ ಎರಡರ ಅಂತರ ಕರಗಿತು. 1919ರಲ್ಲಿ ಕ್ಯಾಸಲ್ ಬಹಿರಂಗವಾಗಿ ತಮ್ಮ ವಾದ ಕೈಬಿಟ್ಟರು. ಒಬ್ಬ ದೊಡ್ಡ ಪ್ರೊಫೆಸರ್ ತಾವೇ ಮಾಡಿದ ಪ್ರಯೋಗಕ್ಕೆ ಸೋತು ಒಪ್ಪಿಕೊಂಡದ್ದು ನನಗಂತೂ ಇಲಿಗಳಿಗಿಂತ ಅಪರೂಪವೆನಿಸುತ್ತದೆ.

ಊಟದ ಇಲಿ ಬೆಳೆಸುವವರಿಗೆ ನಿಜವಾಗಿ ಬಿಸಿ ತಟ್ಟುವುದು ಇಲ್ಲಿಂದ ಮುಂದೆ. ಬಣ್ಣದ ಕೋಶಗಳು ಚರ್ಮದಲ್ಲಿ ಹುಟ್ಟುವುದಿಲ್ಲ. ಭ್ರೂಣದ ಬೆನ್ನಿನ ಗುಂಟ ಇರುವ ನ್ಯೂರಲ್ ಕ್ರೆಸ್ಟ್ ಎಂಬ ಕೋಶಗಳ ಸಾಲಿನಿಂದ ಹೊರಟು ಪಕ್ಕೆಗೆ, ಹೊಟ್ಟೆಗೆ, ಕಾಲಿಗೆ ಇಳಿಯುತ್ತವೆ. ದಾರಿಯಲ್ಲಿ ಕಡಿಮೆಯಾದರೆ ಕೊನೆಯ ನಿಲ್ದಾಣಗಳಾದ ಹೊಟ್ಟೆ, ಪಾದ, ಬಾಲದ ತುದಿ ಬೆಳ್ಳಗುಳಿಯುತ್ತವೆ. ಅದೇ ಸಾಲಿನಿಂದ ಹೊರಟ ಇನ್ನೊಂದು ಗುಂಪು ಕರುಳಿಗೆ ಹೋಗಿ ಅದನ್ನು ಹಿಂಡಿಸುವ ನರಗಳಾಗುತ್ತದೆ. ಎರಡೂ ಗುಂಪಿಗೆ ಬೇಕಾದ ಇಡಿಎನ್‌ಆರ್‌ಬಿ ಎಂಬ ಜೀನ್ ಎರಡೂ ಕಡೆಯಿಂದ ಕೆಟ್ಟರೆ ಮರಿ ಬಹುತೇಕ ಬಿಳಿಯಾಗಿ ಹುಟ್ಟುತ್ತದೆ, ಕರುಳಿನ ಕೊನೆಯ ಭಾಗಕ್ಕೆ ನರವೇ ಇರುವುದಿಲ್ಲ. ಹಿಕ್ಕೆ ಮುಂದೆ ಸಾಗದೆ ಹೊಟ್ಟೆ ಊದಿ, ಬೆನ್ನುಮೂಳೆ ಎದ್ದು, ಹಾಲು ಬಿಡುವ ಹೊತ್ತಿಗೆ ಮರಿ ಸಾಯುತ್ತದೆ. ಹಣೆಯ ಮೇಲೆ ಬಿಳಿ ನಾಮವಿರುವ, ಒಂದು ಕಣ್ಣು ಕಪ್ಪು ಒಂದು ಕೆಂಪಾದ ಇಲಿಗಳ ಮೇಲೆ ಆಸೆಪಟ್ಟವರು ಈ ರೋಗದ ಹೆಸರು ಚೆನ್ನಾಗಿ ಬಲ್ಲರು: ಮೆಗಾಕೋಲನ್.

ತಿಳಿಬಣ್ಣದಲ್ಲೂ ಇಂಥದೇ ಒಂದು ಗಂಟಿದೆ. ಫಾನ್ ಹುಡೆಡ್ ತಳಿಯ ಮುಸುಕು ಕಪ್ಪಲ್ಲ, ತಿಳಿಗಂದು; ಕಣ್ಣು ಮಾಣಿಕ್ಯದ ಕೆಂಪು. ಅದರಲ್ಲಿ ಕೆಟ್ಟಿರುವುದು ರ್‍ಯಾಬ್38 ಎಂಬ ಜೀನ್. ಬಣ್ಣದ ಕಣಗಳನ್ನು ಕಟ್ಟುವ ಈ ಜೀನೇ, ಡೆಂಗಿ ಬಂದಾಗ ನಾವೆಲ್ಲ ಎಣಿಸುವ ಪ್ಲೇಟ್‌ಲೆಟ್‌ಗಳೊಳಗಿನ ಕಣಗಳನ್ನೂ ಕಟ್ಟಬೇಕು. ಹಾಗಾಗಿ ಆ ಇಲಿಗೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಬಿಳಿ ಇಲಿಯ ಕಷ್ಟ ಕಣ್ಣಿನದು. ಮೆಲನಿನ್ನಿನ ಮರೆಯಿಲ್ಲದ ಅಕ್ಷಿಪಟಲ ಪ್ರಖರ ಬೆಳಕಿನಲ್ಲಿ ಸುಟ್ಟುಹೋಗುತ್ತದೆ. ದೂರ ಅಳೆಯಲು ಅದು ತಲೆಯನ್ನು ಎಡಬಲ ತೂಗುವುದನ್ನು ಸಾಕಿದವರೆಲ್ಲ ನೋಡಿರುತ್ತಾರೆ. ಇಂಥವನ್ನು ಟ್ಯೂಬ್‌ಲೈಟಿನಡಿ ಇಡದೆ ಮಬ್ಬಿನಲ್ಲಿಡುವುದು ವಾಸಿ.

ಬಣ್ಣದ ಇಲಿ ಸಾಧು, ಕಚ್ಚುವುದಿಲ್ಲ ಎಂಬ ನಂಬಿಕೆಯೂ ಇದೆ. ಅಮೆರಿಕದ ತಳಿವಿಜ್ಞಾನಿ ಕ್ಲೈಡ್ ಕೀಲರ್ 1942ರಲ್ಲಿ ಕಪ್ಪು ಬಣ್ಣದ ಜೀನೇ ಇಲಿಯನ್ನು ಸಾಧುವಾಗಿಸುತ್ತದೆ ಎಂದು ಬರೆದಿದ್ದರು. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಅರವತ್ತಕ್ಕೂ ಹೆಚ್ಚು ತಲೆಮಾರು ಸಾಧು ಇಲಿಗಳನ್ನೂ ಉಗ್ರ ಇಲಿಗಳನ್ನೂ ಬೇರೆ ಬೇರೆ ಆರಿಸಿ ಬೆಳೆಸಿದ್ದರು. ಅವೆರಡನ್ನು ಬೆರೆಸಿ 700ಕ್ಕೂ ಹೆಚ್ಚು ಮೊಮ್ಮಕ್ಕಳನ್ನು ಪರೀಕ್ಷಿಸಿದ ವರದಿ 2009ರಲ್ಲಿ ಬಂತು. ಬಿಳಿ ಮಚ್ಚೆಗೆ ಕಾರಣವಾದ ಜಾಗ ಡಿಎನ್‌ಎಯಲ್ಲಿ ಸಿಕ್ಕಿತು, ಆದರೆ ಸಾಧುತನದ ಮೇಲೆ ಅದರ ಪರಿಣಾಮ ಕಾಣಲಿಲ್ಲ. ಕೈಹಾಕಿದರೆ ಕಚ್ಚದ, ಮರಿಗಳನ್ನು ತಿನ್ನದ ತಾಯಿ ಬೇಕಿದ್ದರೆ ಅದನ್ನೇ ನೋಡಿ ಆರಿಸಬೇಕು. ಬಣ್ಣ ನೋಡಿ ಅಂದಾಜು ಮಾಡುವುದು ಇಲ್ಲಿ ನಡೆಯುವುದಿಲ್ಲ.

ಇನ್ನು ಆ ಇಲಿಯನ್ನು ನುಂಗುವ ಹಾವಿನ ಕಡೆ ನೋಡಿದರೆ ಅಲ್ಲೂ ಇದೇ ಹುಚ್ಚು, ದುಡ್ಡು ಮಾತ್ರ ಹೆಚ್ಚು. ಪಂಜರದಲ್ಲೇ ಹುಟ್ಟಿದ ಮೊದಲ ಆಲ್ಬಿನೊ, ಅಂದರೆ ಕಪ್ಪು ಬಣ್ಣವೇ ಇಲ್ಲದ, ಬಾಲ್ ಪೈಥಾನ್ 1992ರಲ್ಲಿ ಅಮೆರಿಕದಲ್ಲಿ ಬಂದ ಮೇಲೆ ಬಣ್ಣದ ತಳಿಗಳು ಒಂದರ ಹಿಂದೊಂದು ಹುಟ್ಟಿಕೊಂಡವು. ಮಿಶಿಗನ್‌ನ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳು ಸಾಕಣೆದಾರರು ಕಳಿಸಿದ ಹಾವಿನ ಪೊರೆಗಳಿಂದ ಡಿಎನ್‌ಎ ತೆಗೆದು ನೋಡಿದರೆ, ಆಲ್ಬಿನೊ ಹಾವಿನಲ್ಲಿ ಕೆಟ್ಟಿದ್ದೂ ಟೈರೋಸಿನೇಸ್! ಬಿಳಿ ಇಲಿಯಲ್ಲಿ ಕೆಟ್ಟದ್ದೇ. ಹಾವು ಮಾತ್ರ ಪೂರ್ತಿ ಬಿಳಿಯಾಗುವುದಿಲ್ಲ, ಹಳದಿ ಪಟ್ಟೆ ಉಳಿಯುತ್ತದೆ, ಏಕೆಂದರೆ ಇಲಿಗಿಲ್ಲದ ಹಳದಿ ಕೋಶಗಳು ಹಾವಿಗೆ ಬೇರೆಯೇ ಇವೆ. ಜೇಡರ ಬಲೆಯಂಥ ಗೆರೆಗಳಿಗೆ ಹೆಸರಾದ ‘ಸ್ಪೈಡರ್’ ತಳಿಯದು ಇನ್ನೊಂದು ಕಥೆ. ಅದರ ತಲೆ ನಡುಗುತ್ತದೆ, ಕೆಲವು ಗಿರಕಿ ಹೊಡೆಯುತ್ತವೆ, ಇಲಿಯ ಮೇಲೆ ಎರಗುವಾಗ ಗುರಿ ತಪ್ಪುತ್ತದೆ. 2022ರಲ್ಲಿ ಅವುಗಳ ತಲೆಯನ್ನು ಸೂಕ್ಷ್ಮ ಸ್ಕ್ಯಾನ್ ಮಾಡಿದವರಿಗೆ ಒಳಕಿವಿಯ ಸಮತೋಲನದ ನಾಳಗಳೇ ಸೊಟ್ಟಗಿರುವುದು ಕಂಡಿತು.