ಸಾಗುವಾನಿ ಚಿಗುರಿದರೆ ಸಾಕು, ಹುಳು ಹಾಜರ್

ಏಪ್ರಿಲ್‌ನಲ್ಲಿ ಅಡ್ಡಮಳೆ ಬಿದ್ದು ಸಾಗುವಾನಿ ಚಿಗುರುತ್ತದೆ. ಕೆಲವೇ ವಾರಗಳಲ್ಲಿ ತೋಪಿಗೆ ತೋಪೇ ಬೋಳು. ಔಷಧಿ ಹೊಡೆಯಬೇಕಾ, ಸುಮ್ನೆ ಬಿಡಬೇಕಾ? ಈ ವಾದಕ್ಕೆ ನೂರು ವರ್ಷ ದಾಟಿದೆ.

ಕೇರಳದ ನೀಲಂಬೂರಿನಲ್ಲಿ ಸಾಗುವಾನಿ ತೋಪು ಎದ್ದದ್ದು 1840ರ ದಶಕದಲ್ಲಿ. 1898ರ ಹೊತ್ತಿಗೆ ಹುಳುವಿನ ಕಾಟ ದಾಖಲೆಗೆ ಬಂತು. ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ, ಹಾಗಿದ್ದರೆ ನಷ್ಟ ಎಲ್ಲಿ ಎಂದು ಎಂಟು ದಶಕ ಚರ್ಚೆಯಾಯಿತು. ನಡುವೆ ವಿಮಾನದಿಂದ ಕೀಟನಾಶಕ ಸುರಿದೂ ನೋಡಿದರು.

ಹುಳುವಿನ ಹೆಸರು ಹಿಬ್ಲಿಯಾ ಪ್ಯೂರಾ. ಪತಂಗ ಎಳೆ ಎಲೆಗೆ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಸ್ವಲ್ಪ ಬಲಿತ ಮರಿ ಎಲೆಯಂಚನ್ನು ಅರ್ಧಚಂದ್ರವಾಗಿ ಕತ್ತರಿಸಿ, ಮಡಚಿ, ನೂಲಿನಿಂದ ಬಿಗಿದು ಒಳಗೆ ಕೂರುತ್ತದೆ. ಹೊಟ್ಟೆಗೆ ಬೇಕಾದಾಗ ಹೊರಬಂದು ಮೇಯುತ್ತದೆ. ಹುಳು ಜಾಸ್ತಿಯಾದ ತೋಪಿನಲ್ಲಿ ನಿಂತರೆ ಹಿಕ್ಕೆ ತರಗೆಲೆ ಮೇಲೆ ಉದುರುವ ಸದ್ದು ತುಂತುರು ಮಳೆಯಂತೆ ಕೇಳುತ್ತದೆ. ಬಲಿತ ಹುಳು ನೂಲು ಹಿಡಿದು ಕೆಳಗಿಳಿದು ನೆಲದಲ್ಲಿ ಕೋಶವಾಗುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಸುಮಾರು ಮೂರು ವಾರ, ಅಷ್ಟೇ.

ನಷ್ಟದ ಲೆಕ್ಕ ಸಿಕ್ಕಿದ್ದು 1980ರ ದಶಕದಲ್ಲಿ. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನೀಲಂಬೂರಿನಲ್ಲಿ ಎಳೆಯ ಮರಗಳನ್ನು ಐದು ವರ್ಷ ಅಳೆದರು. ಹುಳುವಿನಿಂದ ಕಾಪಾಡಿದ ಮರಕ್ಕೆ ಹೋಲಿಸಿದರೆ, ಹುಳು ತಿಂದ ಮರ ಬೆಳೆಯಬಹುದಾದ ಗಾತ್ರದಲ್ಲಿ ಶೇ. 44ರಷ್ಟು ಕಳೆದುಕೊಂಡಿತ್ತು. ಮರ ಬದುಕಿದೆ ಎಂದ ಮಾತ್ರಕ್ಕೆ ನಷ್ಟ ಇಲ್ಲ ಎನ್ನಲಾಗದು, ಅಲ್ವಾ?

ಅದೇ ದಶಕದಲ್ಲಿ ಈ ಹುಳುವನ್ನು ಕೊಲ್ಲುವ ವೈರಸ್ ಕೂಡ ಅಲ್ಲೇ ಸಿಕ್ಕಿತು. ಸೋಂಕು ತಗುಲಿದ ಹುಳು ಕೆಲವೇ ದಿನದಲ್ಲಿ ಕರಗಿ ನೀರಾಗುತ್ತದೆ. ಹಕ್ಕಿಗೆ, ಜೇನಿಗೆ ತೊಂದರೆಯಿಲ್ಲ. ಆದರೆ ಬಿಸಿಲಿಗೆ ವೈರಸ್ ಬೇಗ ಸಾಯುತ್ತದೆ, ಹುಳು ಚಿಕ್ಕದಿದ್ದಾಗಲೇ ಸಿಂಪಡಿಸಬೇಕು. ಹಾವಳಿ ಮೊದಲು ಕಾಣಿಸುವುದು ಕೆಲವೇ ಎಕರೆಯ ತುಣುಕುಗಳಲ್ಲಿ. ಅಲ್ಲಿಂದ ಪತಂಗಗಳು ಗುಂಪಾಗಿ ಹಾರಿ ಹರಡುತ್ತವೆ. ನಮ್ಮ ಗಡಿಯೊಳಗೆ ಮಾತ್ರ ಔಷಧಿ ಹೊಡೆದು ಏನು ಬಂತು? ಆ ತುಣುಕುಗಳನ್ನು ಹುಡುಕಲು ಮಳೆ ಬಿದ್ದ ಕೂಡಲೇ ತೋಪು ಸುತ್ತುವ ಜನ ಬೇಕು. ಔಷಧಿಗಿಂತ ಮೊದಲು ಖರ್ಚು ಮಾಡಬೇಕಾದದ್ದು ಇದಕ್ಕೇ.

ನವೆಂಬರ್ ಹೊತ್ತಿಗೆ ಎಲೆಯ ನರಗಳಷ್ಟೇ ಉಳಿದು ಜಾಲರಿಯಂತಾಗಿದ್ದರೆ ಅದು ಬೇರೆ ಹುಳುವಿನ ಕೆಲಸ. ಅದು ತಿನ್ನುವುದು ಹೇಗೂ ಉದುರಲಿರುವ ಎಲೆಯನ್ನು. ಅದಕ್ಕಾಗಿ ಪಂಪು ಹೊರುವುದು ಬೇಡ.