ಬ್ಯಾಟರಿ ಬದಲಿಸುವ ಮುನ್ನ ಅರ್ತ್ ನೋಡಿ

ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆ ಹಿಡಿದು ನಾಲ್ಕು ದಿನವಾದರೆ ಸಾಕು, ಕೊಡಗಿನ ಭಾಗಮಂಡಲ, ನಾಪೋಕ್ಲು ಕಡೆಯ ಹಳೆ ಜೀಪುಗಳು ಒಂದೊಂದಾಗಿ ಮುನಿಸಿಕೊಳ್ಳುತ್ತವೆ. ಕೀ ತಿರುಗಿಸಿದರೆ ‘ಟಕ್’ ಅಂತ ಒಂದು ಸದ್ದು, ಅಷ್ಟೇ, ಸೆಲ್ಫ್ ಹೊಡೆಯುವುದಿಲ್ಲ. ಬೈಗುಳ ಮೊದಲು ಬೀಳುವುದು ಬ್ಯಾಟರಿಗೆ. ಹೊಸದು ತಂದು ಹಾಕಿದರೆ ಹದಿನೈದು ದಿನ ಓಡುತ್ತದೆ, ಆಮೇಲೆ ಮತ್ತೆ ಅದೇ ‘ಟಕ್’. ಆ ಹದಿನೈದು ದಿನ ಓಡಿದ್ದೂ ಎಷ್ಟೋ ಸಲ ಹೊಸ ಬ್ಯಾಟರಿಯ ದೆಸೆಯಿಂದಲ್ಲ, ಹಾಕುವಾಗ ಟರ್ಮಿನಲ್ ಕೆರೆದು ಬಿಗಿ ಮಾಡಿದ್ದರಿಂದ.

ಗಾಡಿಯಲ್ಲಿ ಕರೆಂಟ್ ಹೋಗುವುದಕ್ಕೆ ತಂತಿ ಇದೆ, ವಾಪಸ್ ಬರುವ ದಾರಿ ಮಾತ್ರ ಬಾಡಿ ಮತ್ತು ಚಾಸಿ (ಗಾಡಿಯ ಅಡಿಯ ಚೌಕಟ್ಟು). ಈ ವಾಪಸ್ ದಾರಿಯೇ ಅರ್ತ್. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಇಂಜಿನ್ನಿಂದ ಚಾಸಿಗೆ ತಾಮ್ರದ ಎಳೆ ಹೆಣೆದ ಪಟ್ಟಿಯೊಂದನ್ನು ಕಟ್ಟಿರುತ್ತಾರೆ, ಅದೇ ಸ್ಟ್ರಾಪ್. ಚಕ್ರದಿಂದ ಎರಚಿದ ಕೆಸರು ನೇರವಾಗಿ ಬಡಿಯುವ ಜಾಗದಲ್ಲೇ ಅದರ ವಾಸ. ಕಿಲುಬು ಹಿಡಿದು ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮಾಂದಲಪಟ್ಟಿಯಂಥ ಕಲ್ಲುದಾರಿಗೆ ದಿನಕ್ಕೆ ನಾಲ್ಕು ಸಲ ಹತ್ತಿಳಿಯುವ ಜೀಪಿನಲ್ಲಿ ಬೋಲ್ಟೇ ಸಡಿಲವಾಗಿರುತ್ತದೆ. ಗಾಡಿ ಪೂರ್ತಿ ಬಿಚ್ಚಿ ಹೊಸದಾಗಿ ಪೇಂಟ್ ಮಾಡಿಸಿದವರದು ಇನ್ನೊಂದು ಕತೆ: ಪಟ್ಟಿಯ ತುದಿಯಲ್ಲಿ ಬೋಲ್ಟ್ ಕೂರುವ ಲಗ್ಗಿನ ಅಡಿಗೂ ಪೇಂಟ್ ಬಳಿದಿರುತ್ತಾರೆ. ನೋಡಲು ಲಕಲಕ, ಅರ್ತ್ ಮಾತ್ರ ಇಲ್ಲ.

ಸ್ಟ್ರಾಪ್ ಕೆಟ್ಟರೆ ಕರೆಂಟ್ ಸುಮ್ಮನಿರುವುದಿಲ್ಲ, ಬೇರೆ ಸಂದು ಹುಡುಕುತ್ತದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಎರಡು ಮೂರು ಸಲ ಸೆಲ್ಫ್ ಹೊಡೆದು, ಕೂಡಲೇ ಆಕ್ಸಿಲರೇಟರ್ ಕೇಬಲ್ ಮತ್ತು ಚೋಕ್ ಕೇಬಲ್‌ಗಳಿಗೆ ಬೆರಳಿನ ಹಿಂಬದಿ ತಾಗಿಸಿ. ಬೆಚ್ಚಗಿದ್ದರೆ ಬೇರೆ ಸಾಕ್ಷಿ ಬೇಡ, ಸೆಲ್ಫ್ ಮೋಟರಿನ ಕರೆಂಟ್ ಆ ಸಣ್ಣ ಕೇಬಲ್ ಹಿಡಿದು ವಾಪಸ್ ಹೋಗುತ್ತಿದೆ. ಹೊಸದಾಗಿ ಹಾಕಿಸಿದ ಕೇಬಲ್ ಪದೇಪದೇ ಬಿಗಿಯಾಗುವುದಕ್ಕೂ ಇದು ಕಾರಣವಿರಬಹುದು.

ಇಲ್ಲಿ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ನೋಡುವುದು ದಂಡ. ನೂರು ಎಳೆಯಲ್ಲಿ ಒಂದೇ ಉಳಿದಿದ್ದರೂ ಮೀಟರ್ ‘ಸೊನ್ನೆ’ ಎನ್ನುತ್ತದೆ. ಸೆಲ್ಫ್ ಮೋಟರ್ ಎಳೆಯುವುದು 200 ಆಂಪಿಯರ್ ಎಂದಿಟ್ಟುಕೊಳ್ಳಿ, ಡೀಸೆಲ್ಲಾದರೆ ಇನ್ನೂ ಹೆಚ್ಚು. ಅಷ್ಟು ಹರಿಯುವಾಗ ಬರೀ 0.01 ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಕರಗುತ್ತದೆ. ಆ 0.01 ನಿಮ್ಮ ಮೀಟರಿಗೆ ಕಾಣುವುದೇ ಇಲ್ಲ. ಆದ್ದರಿಂದ ಲೋಡ್ ಕೊಟ್ಟು ವೋಲ್ಟೇಜ್ ನೋಡಬೇಕು.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ಇದ್ದರೆ ಪೂರ್ತಿ ಚಾರ್ಜ್, 12.2ಕ್ಕೆ ಇಳಿದಿದ್ದರೆ ಅರ್ಧ. ಮೊದಲು ಚಾರ್ಜಿಗೆ ಹಾಕಿ. ಆಮೇಲೆ ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಸ್ಟಾರ್ಟ್ ಆಗದಂತೆ ಮಾಡಿಕೊಳ್ಳಿ. ಡೀಸೆಲ್ಲಿಗೆ ಸ್ಟಾಪ್ ನಾಬ್ ಎಳೆದಿಡಬೇಕು, ಹಳೆ ಪೆಟ್ರೋಲ್ ಗಾಡಿಗೆ ಇಗ್ನಿಷನ್ ಕಾಯಿಲ್‌ಗೆ ಬರುವ ಸಣ್ಣ ತಂತಿ ಬಿಚ್ಚಬೇಕು. ಮೀಟರ್ ಡಿ.ಸಿ. ವೋಲ್ಟ್‌ಗೆ. ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಕಂಬದ ಸೀಸದ ಮೇಲೇ ಇರಲಿ, ಕ್ಲ್ಯಾಂಪಿನ ಮೇಲಲ್ಲ. ಕೆಂಪನ್ನು ಇಂಜಿನ್ನಿನ ಬರೀ ಲೋಹಕ್ಕೆ ಒತ್ತಿ. ಇನ್ನೊಬ್ಬರು ನಾಲ್ಕು ಸೆಕೆಂಡ್ ಸೆಲ್ಫ್ ಹೊಡೆಯಲಿ. 0.2 ವೋಲ್ಟ್ ಒಳಗಿದ್ದರೆ ಅರ್ತ್ ಸರಿ ಇದೆ, 0.5 ದಾಟಿದರೆ ಕೆಲಸ ಇದೆ.

ಉದಾಹರಣೆಗೆ 1.4 ಬಂತು ಎನ್ನಿ. ಈಗ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚಿ ನೋಡಬೇಕು, ಪ್ರತಿ ಸಲವೂ ಸೆಲ್ಫ್ ಹೊಡೆಯುತ್ತ. ಸೀಸದ ಕಂಬದಿಂದ ಕ್ಲ್ಯಾಂಪಿಗೆ 0.05. ಕ್ಲ್ಯಾಂಪಿನಿಂದ ಚಾಸಿಗೆ 0.1. ಚಾಸಿಯಿಂದ ಇಂಜಿನ್ನಿಗೆ 1.25. ಕಳ್ಳ ಸಿಕ್ಕಿದ, ಸ್ಟ್ರಾಪೇ. ಎಲ್ಲ ಕಡೆ ಸರಿ ಇದ್ದು ಸೆಲ್ಫ್ ಇನ್ನೂ ನಿಧಾನವಾಗಿದ್ದರೆ ಪಾಸಿಟಿವ್ ಕಡೆಯೂ ಹೀಗೇ ಅಳೆದು ನೋಡಿ, ಆಮೇಲೆ ಮೋಟರಿನ ಬ್ರಷ್, ಬುಷ್ ಕಡೆ ಹೋಗಿ. ಡೀಸೆಲ್ ಇಂಜಿನ್ನಿನ ಹೀಟರ್ ಪ್ಲಗ್ಗುಗಳೂ ಇದೇ ಸ್ಟ್ರಾಪಿನ ಮೂಲಕ ಅರ್ತ್ ಪಡೆಯುತ್ತವೆ. ಡಿಸೆಂಬರಿನ ಚಳಿಯಲ್ಲಿ ಹೀಟರ್ ಎಷ್ಟು ಹೊತ್ತು ಹಿಡಿದರೂ ಇಂಜಿನ್ ಏಳುವುದಿಲ್ಲವೆಂದರೆ ಪ್ಲಗ್ ಕೊಳ್ಳುವ ಮುನ್ನ ಈ ಅಳತೆ ಮಾಡಿಬಿಡಿ.

ಹೊಸ ಸ್ಟ್ರಾಪ್ ಹಾಕುವಾಗ ದಪ್ಪದಲ್ಲಿ ಜಿಪುಣತನ ಬೇಡ: ಸಣ್ಣ ಪೆಟ್ರೋಲ್ ಕಾರಿಗೆ 25 ಚದರ ಮಿಲಿಮೀಟರ್, ಡೀಸೆಲ್ ಜೀಪಿಗೆ ಕಡಿಮೆಯೆಂದರೆ 35. ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ. ಆಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಲಗ್ ಕೂರುವ ಜಾಗವನ್ನು ಎಮರಿ ಪೇಪರಿನಿಂದ ಬೆಳ್ಳಗಾಗುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ, ಒಣ ಲೋಹಕ್ಕೆ ಒಣ ಲೋಹ ತಾಗುವಂತೆ ಬಿಗಿ ಮಾಡಿ. ಪೆಟ್ರೋಲಿಯಂ ಜೆಲ್ಲಿ ಮೆತ್ತುವುದು ಆಮೇಲೆ, ಮೇಲಿನಿಂದ. ಬೋಲ್ಟ್ ಕೂರಿಸುವ ಮೊದಲೇ ಗ್ರೀಸ್ ಮೆತ್ತಿ, ತುಕ್ಕನ್ನು ಒಳಗೇ ಮುಚ್ಚಿ ಬಿಗಿ ಮಾಡುವವರಿದ್ದಾರೆ. ಅದು ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ದೀಪಗಳಲ್ಲಿ ಕೆಟ್ಟ ಅರ್ತ್ ಇನ್ನೂ ತಮಾಷೆಯಾಗಿ ಕಾಣಿಸಿಕೊಳ್ಳುತ್ತದೆ. ಬ್ರೇಕ್ ಒತ್ತಿದರೆ ಹಿಂದಿನ ದೀಪ ಮಂಕಾಗುತ್ತದೆ, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪ ಮಿಣುಕುತ್ತದೆ. 21/5 ವ್ಯಾಟಿನ ಎರಡು ಫಿಲಮೆಂಟಿನ ಬಲ್ಬಿಗೆ ಅರ್ತ್ ಸಿಗದಿದ್ದರೆ ಬ್ರೇಕಿನ ಕರೆಂಟ್ ಪಕ್ಕದ ಫಿಲಮೆಂಟ್ ಹಾದು ಬೇರೆ ದೀಪಗಳಲ್ಲಿ ದಾರಿ ಮಾಡಿಕೊಳ್ಳುತ್ತದೆ. ಬಲ್ಬ್ ಬದಲಿಸಿ ಪ್ರಯೋಜನವಿಲ್ಲ. ಹೋಲ್ಡರಿನಿಂದ ಚಾಸಿಗೆ ಬೇರೆ ತಂತಿ ಎಳೆಯಿರಿ.

ಹೆಡ್‌ಲೈಟ್ ಮಂಕಾಗಿದ್ದರೆ, ಅದನ್ನು ಉರಿಸಿಯೇ ಬಲ್ಬಿನ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಸಂಪಾಜೆ ಘಾಟಿಯ ಮಂಜಿನಲ್ಲಿ ಇದು ಸಣ್ಣ ಲೆಕ್ಕವಲ್ಲ. ಹಳೆ ಗಾಡಿಗಳಲ್ಲಿ ಅಷ್ಟೂ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್ ಹಾದು ಬರುವುದರಿಂದ ಅಲ್ಲೇ ಒಂದು ವೋಲ್ಟ್ ಹೋಗಿರುತ್ತದೆ. ಹೈ ಮತ್ತು ಡಿಮ್‌ಗೆ ಒಂದೊಂದು 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿ. ಅದರ ಕಾಲುಗಳ ನಂಬರ್ ನೋಡಿ: 30ಕ್ಕೆ ಬ್ಯಾಟರಿಯಿಂದ ನೇರ ತಂತಿ, 87ರಿಂದ ಬಲ್ಬಿಗೆ, 86ಕ್ಕೆ ಹಳೆ ಸ್ವಿಚ್ಚಿನ ತಂತಿ, 85 ಅರ್ತ್. ತಂತಿ 2.5 ಚದರ ಮಿಲಿಮೀಟರ್, ಅರ್ತ್ ತಂತಿಯೂ ಅಷ್ಟೇ ದಪ್ಪ. ಪ್ರತಿ ರಿಲೇಗೆ 15 ಆಂಪಿಯರ್ ಫ್ಯೂಸ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಇದನ್ನೆಲ್ಲ ಬಿಟ್ಟು 100 ವ್ಯಾಟ್ ಬಲ್ಬ್ ಹಾಕಿದರೆ ಬೆಳಕಿಗಿಂತ ಮೊದಲು ಸ್ವಿಚ್ ಕರಗುತ್ತದೆ.

ಮಳೆಗಾಲ ಪೂರ್ತಿ ಸೌದೆ ಕೊಟ್ಟಿಗೆಯಲ್ಲಿ ನಿಂತ ಗಾಡಿಗೆ ಇಲಿಕಾಟ ಬೇರೆ. ಟೇಪಿನ ಒಳಗೆ ಕಡಿದ ತಂತಿ ಬಾಡಿಗೆ ತಾಗಿ ಸೋರುತ್ತಿರುತ್ತದೆ. ನೆಗೆಟಿವ್ ಬಿಚ್ಚಿ, ಕಂಬಕ್ಕೂ ಕೇಬಲಿಗೂ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೇರಿಸಿ. ಹಾಗಿರುವಾಗ ಸೆಲ್ಫ್ ಮಾತ್ರ ಮುಟ್ಟಬೇಡಿ, ಮೀಟರ್ ಸುಡುತ್ತದೆ. ಬಾಗಿಲು ಮುಚ್ಚಿ ಎಲ್ಲ ಆಫ್ ಮಾಡಿದ ಮೇಲೆ 50 ಮಿಲಿಆಂಪಿಯರ್ ಒಳಗಿರಬೇಕು. 300 ಇದ್ದರೆ ದಿನಕ್ಕೆ 7 ಆಂಪಿಯರ್ ಅವರ್ ಹೋಯಿತು. 60 ಆಂಪಿಯರ್ ಅವರ್ ಬ್ಯಾಟರಿ ವಾರದಲ್ಲಿ ಮಲಗುತ್ತದೆ. ಒಂದೊಂದೇ ಫ್ಯೂಸ್ ಕೀಳುತ್ತ ಹೋಗಿ, ಅಂಕಿ ಇಳಿದ ಲೈನಿನಲ್ಲೇ ಸೋರಿಕೆ. ಯಾವ ಫ್ಯೂಸಿಗೂ ಇಳಿಯದಿದ್ದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನ (ಬಾಯಿಮಾತಿನ ‘ಡೈನಮೋ’) ದಪ್ಪ ತಂತಿ ಬಿಚ್ಚಿ ನೋಡಿ, ಡಯೋಡ್ ಸೋರುತ್ತಿರಬಹುದು.

ಕಡಿದ ತಂತಿ ಜೋಡಿಸುವಾಗ ಒಳಗಿನ ತಾಮ್ರ ಕಪ್ಪಗಿದ್ದರೆ ಕೆಂಪಗೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ. ನೀರು ಎಳೆಗಳ ಸಂದಿನಲ್ಲಿ ನಾಲ್ಕೈದು ಇಂಚು ಏರಿರುತ್ತದೆ. ಕ್ರಿಂಪ್ ಮಾಡಿ, ಒಳಮೈಗೆ ಅಂಟು ಬಳಿದ ಹೀಟ್‌ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗುವ ಕೊಳವೆ) ಹಾಕಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ನಮ್ಮ ಮಳೆಯಲ್ಲಿ ಅಂಟು ಬಿಟ್ಟು, ನೀರನ್ನು ಹಿಡಿದಿಟ್ಟುಕೊಳ್ಳುವ ಚೀಲವಾಗುತ್ತದೆ.

ಕೊನೆಗೆ ಇಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಬ್ಯಾಟರಿಯಲ್ಲಿ 13.8ರಿಂದ 14.4 ಇದೆಯೇ ನೋಡಿ. ಡೈನಮೋ ಸರಿ ಇದೆಯೇ ಎಂದು ತಿಳಿಯಲು ಓಡುವ ಇಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಹಳೆ ಚಾಳಿ ಬಿಡಿ. ನಿಜವಾದ ಡೈನಮೋ ಇದ್ದ ಕಾಲಕ್ಕೆ ಅದು ನಡೆಯುತ್ತಿತ್ತೇನೋ; ಆಲ್ಟರ್ನೇಟರಿನಲ್ಲಿ ಆ ಕ್ಷಣಕ್ಕೆ ಏರುವ ವೋಲ್ಟೇಜಿಗೆ ಡಯೋಡೂ ರೆಗ್ಯುಲೇಟರೂ ಒಟ್ಟಿಗೇ ಹೋಗಬಹುದು.